ಮೂರು ವರ್ಷದ ಮೇಲೆ ಕರೆಂಟ್ ಬಿಲ್ ಯಾರದು? ಜಂಟಿ ಅನುದಾನ ಯೋಜನೆಗೆ ಸಹಿ ಮಾಡುವ ಮೊದಲು



ಎಮ್ಮೆಯ ಮಣಕವನ್ನು ಪಾಲಿಗೆ ಕೊಡುವ ರೂಢಿ ನಮ್ಮ ಧಾರವಾಡ ಸೀಮೆಗೆ ಹೊಸದಲ್ಲ. ಒಬ್ಬರ ಮಣಕ, ಇನ್ನೊಬ್ಬರ ಕೊಟ್ಟಿಗೆ, ಮೇವು, ದುಡಿಮೆ. ಕೊಡುವ ಮೊದಲು ಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರ ಮುಂದೆ ಮಾತಾಗುತ್ತದೆ. ಈದ ಮೇಲೆ ಮೊದಲ ಕರು ಯಾರಿಗೆ? ಹಾಲಿನ ರೊಕ್ಕ ಯಾರಿಗೆ? ಬ್ಯಾನೆ ಬಂದರೆ ಡಾಕ್ಟರ ಖರ್ಚು ಯಾರು ಕೊಡಬೇಕು? ಸತ್ತರೆ ನಷ್ಟ ಯಾರದು? ಮಾರುವ ಹೊತ್ತಿಗೆ ದರ ಕಟ್ಟುವವರು ಯಾರು? ಒಂದು ಹಾಳೆ ಕಾಗದವಿಲ್ಲ. ಆದರೂ ಒಂದು ಮಾತೂ ಬಿಟ್ಟುಹೋಗುವುದಿಲ್ಲ. ಇವತ್ತು ಬಿಟ್ಟ ಮಾತು ನಾಳೆ ಜಗಳವಾಗುತ್ತದೆ ಎಂದು ಎರಡೂ ಕಡೆಯವರಿಗೆ ಗೊತ್ತು.

ಅದೇ ನಾವು ಸಂಘದ ಹೆಸರಿನಲ್ಲಿ ಹತ್ತು-ಹನ್ನೆರಡು ಲಕ್ಷದ ಯೋಜನೆಗೆ ಕುಳಿತಾಗ, ಇಂಗ್ಲಿಷಿನ ಹದಿನಾಲ್ಕು ಪುಟದ ಕಾಗದ ಮುಂದೆ ಬಂದರೆ, "ಸಹಿ ಎಲ್ಲಿ ಮಾಡೋದ್ರಿ?" ಎಂದಷ್ಟೇ ಕೇಳುತ್ತೇವೆ. ಮಣಕಕ್ಕೆ ಕೇಳಿದ ಪ್ರಶ್ನೆಗಳಲ್ಲಿ ಒಂದನ್ನೂ ಕೇಳುವುದಿಲ್ಲ. ಅನುದಾನ ಕೊಡುವವರ ಮುಂದೆ ಪ್ರಶ್ನೆ ಕೇಳಿದರೆ ಅವರು ಬೇಸರಪಟ್ಟು ಇನ್ನೊಂದು ಊರಿಗೆ ಹೋಗಿಬಿಟ್ಟಾರು ಎಂಬ ಹೆದರಿಕೆ ಇದಕ್ಕೆ ಕಾರಣ. ಇಪ್ಪತ್ತು ವರ್ಷ ವಿಸ್ತರಣಾ ಕೆಲಸ ಮಾಡಿದ ನನಗೂ ಆ ಹೆದರಿಕೆ ಇತ್ತು. ಅದರಿಂದ ಒಂದು ಸಂಘಕ್ಕೆ ಆದ ನಷ್ಟವನ್ನು ಮೊದಲು ಹೇಳುತ್ತೇನೆ.

ಕಲಘಟಗಿ ಕಡೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಂಘ. ಒಂದು ಕಂಪನಿಯ ಸಿ.ಎಸ್.ಆರ್. ಹಣದಲ್ಲಿ ರಸಮೇವು ಘಟಕ ಮಾಡುವ ಯೋಜನೆ ಬಂತು. ಹಣ ಕಂಪನಿಯದು, ಕೆಲಸ ಮಾಡಿಸುವುದು ಹೊರಗಿನ ಊರಿನ ಒಂದು ಟ್ರಸ್ಟ್. ಜಾಗ, ಶೆಡ್, ಥ್ರೀ ಫೇಸ್ ಕರೆಂಟ್ ಸಂಘದ್ದು. ಸಂಘ ತನ್ನ ಕಟ್ಟಡ ನಿಧಿಯಿಂದ 3,40,000 ರೂಪಾಯಿ ತೆಗೆದು ಶೆಡ್ ಕಟ್ಟಿಸಿತು. ಮೇವು ಕತ್ತರಿಸುವ ಯಂತ್ರ, ಬೇಲ್ ಕಟ್ಟುವ ಯಂತ್ರ ಬಂದವು. ಮೂರು ವರ್ಷ ಕೆಲಸ ಚೆನ್ನಾಗಿಯೇ ನಡೆಯಿತು, ಬೇಸಿಗೆಯಲ್ಲಿ ಹಾಲು ಇಳಿಯಲಿಲ್ಲ. ಯೋಜನೆ ಮುಗಿದ ಎರಡೇ ತಿಂಗಳಿಗೆ ಲಾರಿ ಬಂತು. ಯಂತ್ರಗಳು ಇನ್ನೊಂದು ಜಿಲ್ಲೆಗೆ ಬೇಕಾಗಿವೆ ಎಂದರು. ಒಡಂಬಡಿಕೆ ತೆಗೆದು ನೋಡಿದರೆ ಒಂಬತ್ತನೇ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಯೋಜನೆಯಲ್ಲಿ ಖರೀದಿಸಿದ ಎಲ್ಲ ಸಾಮಗ್ರಿ ಅನುಷ್ಠಾನ ಸಂಸ್ಥೆಯ ಸೊತ್ತು.

ಟ್ರಸ್ಟಿನವರು ಮೋಸ ಮಾಡಲಿಲ್ಲ, ಬರೆದಂತೆ ನಡೆದುಕೊಂಡರು. ಓದದೇ ಇದ್ದವರು ನಾವು. ಖಾಲಿ ಶೆಡ್ಡಿನ ಮೀಟರಿಗೆ ಎಂಟು ತಿಂಗಳು ನಿಗದಿತ ಶುಲ್ಕ ಕಟ್ಟಿ, ಆಮೇಲೆ ಸಂಪರ್ಕ ತೆಗೆಸಿದರು. ಆ ವರ್ಷ ಸದಸ್ಯರಿಗೆ ಬೋನಸ್ ಕಡಿಮೆಯಾಯಿತು. ವಾರ್ಷಿಕ ಮಹಾಸಭೆಯಲ್ಲಿ ನಾನು ವೇದಿಕೆಯ ಮೇಲೇ ಇದ್ದೆ. ಹಿಂದಿನ ಸಾಲಿನ ಒಬ್ಬ ತಾಯಿ ಎದ್ದುನಿಂತು, "ಸಾಹೇಬ್ರ, ನೀವು ಹೂಂ ಅಂದ್ರಿ ಅಂತ ನಾವು ಸಹಿ ಮಾಡೇವಿ" ಎಂದರು. ಅದಕ್ಕೆ ಉತ್ತರ ಇರಲಿಲ್ಲ. ಈಗ ಆ ಶೆಡ್ಡಿನಲ್ಲಿ ಹಿಂಡಿ ಚೀಲ ಇಡುತ್ತಾರೆ.

ಹಣ ಯಾರದು ಎಂದು ಮೊದಲು ಕೇಳಿ

ಅನುದಾನ ಎಂದರೆ ಎಲ್ಲ ಒಂದೇ ಎಂದು ನಾವು ತಿಳಿಯುತ್ತೇವೆ. ಆದರೆ ಹಣ ಯಾವ ಮೂಲದಿಂದ ಬಂದಿದೆಯೋ ಆ ಮೂಲದ ಕಾನೂನು ಅದರ ಬೆನ್ನಿಗೇ ಬರುತ್ತದೆ. ನಿಮ್ಮ ಮುಂದೆ ಕುಳಿತ ಸಂಸ್ಥೆ ಮನಸ್ಸು ಮಾಡಿದರೂ ಕೆಲವನ್ನು ಬಿಟ್ಟುಕೊಡಲಾಗದು, ಕೆಲವನ್ನು ಸುಲಭವಾಗಿ ಬಿಟ್ಟುಕೊಡಬಹುದು. ಯಾವುದು ಯಾವುದೆಂದು ಗೊತ್ತಿದ್ದರೆ ಅರ್ಧ ಮಾತುಕತೆ ಮುಗಿದಂತೆ.

ಕೇಂದ್ರ ಸರ್ಕಾರದ ಹಣವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಹಣ ಬಳಕೆ ಪ್ರಮಾಣಪತ್ರ ಕೊಡದೇ ಮುಂದಿನ ಕಂತು ಬರುವುದು ಕಷ್ಟ. ಅನುದಾನ ಬ್ಯಾಂಕಿನಲ್ಲಿ ಇದ್ದಾಗ ಬಂದ ಬಡ್ಡಿಯೂ ಸರ್ಕಾರಕ್ಕೇ ಸೇರಬೇಕು, ಸಂಘದ ಲಾಭಕ್ಕೆ ಅದನ್ನು ಸೇರಿಸುವಂತಿಲ್ಲ. ಅನುದಾನದಲ್ಲಿ ಕೊಂಡ ಆಸ್ತಿಯನ್ನು ಮಂಜೂರು ಮಾಡಿದ ಪ್ರಾಧಿಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಇವು ಮಾತಾಡಿ ಬದಲಿಸುವ ವಿಷಯಗಳಲ್ಲ. ಆದರೆ ಪ್ರಮಾಣಪತ್ರ ತಯಾರಿಸುವುದು ಯಾರು, ಲೆಕ್ಕಪರಿಶೋಧಕರ ಶುಲ್ಕ ಯಾರು ಕೊಡಬೇಕು ಎಂಬುದನ್ನು ಮಾತಾಡಬಹುದು, ಮಾತಾಡಲೇಬೇಕು.

ಕಂಪನಿಯ ಸಿ.ಎಸ್.ಆರ್. ಹಣವಾದರೆ 2013ರ ಕಂಪನಿ ಕಾಯ್ದೆಯ 135ನೇ ಕಲಮು. ಇದರಲ್ಲಿ ನಮಗೆ ಬೇಕಾದ ಮೂರು ವಿಷಯಗಳಿವೆ. ಒಂದು, ಬಹುವರ್ಷದ ಸಿ.ಎಸ್.ಆರ್. ಯೋಜನೆ ಆರಂಭವಾದ ವರ್ಷವನ್ನು ಬಿಟ್ಟು ಮೂರು ವರ್ಷ ಮೀರುವಂತಿಲ್ಲ. ಇಂಥ ಯೋಜನೆಗಳೆಲ್ಲ "ಮೂರು ವರ್ಷ" ಎಂದು ಬರುವುದಕ್ಕೆ ಇದೇ ಕಾರಣ. ಎರಡು, ಕಂಪನಿಯ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಖರ್ಚಾಗದ ಹಣವನ್ನು ಅವರು ಬೇರೆ ಖಾತೆಗೋ ನಿಧಿಗೋ ಹಾಕಬೇಕಾಗುತ್ತದೆ. ಅದಕ್ಕೇ ಫೆಬ್ರವರಿ-ಮಾರ್ಚಿನಲ್ಲಿ "ನಾಳೆಯೇ ಸಹಿ ಆಗಬೇಕು" ಎಂದು ಫೋನು ಬರುತ್ತದೆ. ಆ ಅವಸರ ಅವರದು, ನಿಮ್ಮದಲ್ಲ. ಅವಸರದಲ್ಲಿರುವವರ ಹತ್ತಿರ ಸಮಾಧಾನದಿಂದ ಮಾತಾಡಿದವರಿಗೆ ಒಂದೆರಡು ಷರತ್ತು ಹೆಚ್ಚಾಗಿ ಸಿಗುತ್ತವೆ. ಇದು ದನದ ಸಂತೆಯಲ್ಲಿ ನಿಂತ ಯಾರಿಗೂ ಹೇಳಿಕೊಡಬೇಕಾದ ಪಾಠವಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. 2021ರ ಜನವರಿ 22ರಂದು ಸಿ.ಎಸ್.ಆರ್. ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, ಸಿ.ಎಸ್.ಆರ್. ಹಣದಲ್ಲಿ ಆದ ಬಂಡವಾಳ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ನೋಂದಾಯಿತ ಧರ್ಮಾರ್ಥ ಟ್ರಸ್ಟ್ ಅಥವಾ ಅಂಥ ಸಂಸ್ಥೆಯ ಹೆಸರಿನಲ್ಲಿರಬಹುದು, ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿರಬಹುದು, ಇಲ್ಲವೇ ಯೋಜನೆಯ ಫಲಾನುಭವಿಗಳ ಸ್ವಸಹಾಯ ಗುಂಪು, ಸಮೂಹ ಅಥವಾ ಸಂಸ್ಥೆಯ ಹೆಸರಿನಲ್ಲಿರಬಹುದು. ಅಂದರೆ "ಯಂತ್ರ ನಮ್ಮ ಟ್ರಸ್ಟಿನ ಹೆಸರಿನಲ್ಲೇ ಇರಬೇಕೆಂದು ಕಾನೂನಿದೆ" ಎಂದು ಯಾರಾದರೂ ಹೇಳಿದರೆ ಅದು ಪೂರ್ತಿ ಮಾತಲ್ಲ. ಟ್ರಸ್ಟಿನ ಹೆಸರಿನಲ್ಲಿ ಇರಬಹುದು, ಇರಲೇಬೇಕು ಎಂದಿಲ್ಲ. ಕಲಘಟಗಿಯ ಸಂಘದ ಮಾತುಕತೆಯ ಹೊತ್ತಿಗೆ ಇಷ್ಟು ಕೇಳುವ ತಿಳಿವಳಿಕೆ ನನಗಿದ್ದಿದ್ದರೆ ಆ ಲಾರಿ ಬಹುಶಃ ಬರುತ್ತಿರಲಿಲ್ಲ.

ವಿದೇಶಿ ದೇಣಿಗೆಯ ಹಣವಾದರೆ ಇನ್ನೊಂದು ಗಂಟು. 2020ರಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಹಾಗೆ ಬಂದ ಹಣವನ್ನು ಪಡೆದ ಸಂಸ್ಥೆ ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆದ್ದರಿಂದ "ಮೊದಲು ನೀವು ಖರ್ಚು ಮಾಡಿ, ಆಮೇಲೆ ನಿಮ್ಮ ಸಂಘದ ಖಾತೆಗೆ ಹಾಕುತ್ತೇವೆ" ಎಂಬ ಏರ್ಪಾಡಿಗೆ ಇಲ್ಲಿ ಒಪ್ಪಬೇಡಿ. ಅವರು ಪ್ರಾಮಾಣಿಕರೇ ಆಗಿದ್ದರೂ ಆ ಹಣ ನಿಮ್ಮ ಖಾತೆಗೆ ಬರುವ ದಾರಿ ಮುಚ್ಚಿದೆ. ಖರೀದಿ, ಪಾವತಿ ಎಲ್ಲ ಅವರೇ ನೇರವಾಗಿ ಮಾಡಬೇಕು.

ಟ್ರಸ್ಟ್ ಅಥವಾ ಕಾಲೇಜಿನ ಮೂಲಕ ಬಂದ ಯೋಜನೆಯಲ್ಲಿ ಹಣ ಕೊಟ್ಟವರಿಗೂ ಅವರಿಗೂ ನಡುವೆ ಒಂದು ಮೂಲ ಒಡಂಬಡಿಕೆ ಇರುತ್ತದೆ. ನಿಮ್ಮದು ಅದರ ಮರಿ. ಮೂಲದಲ್ಲಿರುವ ಷರತ್ತುಗಳು ಮರಿಗೂ ಅನ್ವಯಿಸುತ್ತವೆ ಎಂದು ಯಾವುದೋ ಒಂದು ಸಾಲಿನಲ್ಲಿ ಬರೆದಿರುತ್ತಾರೆ. ಹಾಗಿದ್ದರೆ ಮೂಲದ ಪ್ರತಿ ಕೇಳಿ. ತೋರಿಸದ ಕಾಗದದ ಷರತ್ತಿಗೆ ಸಂಘ ಹೇಗೆ ಬದ್ಧವಾಗುತ್ತದೆ?

ಹಣ ಯಾವಾಗ ಬರುತ್ತದೆ

ಎಷ್ಟು ಬರುತ್ತದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದೇ ನಮ್ಮ ಸಂಘಗಳಿಗೆ ದೊಡ್ಡದು, ಯಾಕೆಂದರೆ ನಮ್ಮಲ್ಲಿರುವ ರೊಕ್ಕ ಸದಸ್ಯರ ಹಾಲಿನ ಬಟವಾಡೆಯ ರೊಕ್ಕ. ಉದಾಹರಣೆಗೆ 12 ಲಕ್ಷದ ಯೋಜನೆ ಎನ್ನಿ. ಮೊದಲು ಶೇಕಡಾ 30, ಮಧ್ಯದಲ್ಲಿ 40, ಕೆಲಸ ಮುಗಿದು ಬಳಕೆ ಪ್ರಮಾಣಪತ್ರ ಒಪ್ಪಿಗೆಯಾದ ಮೇಲೆ ಉಳಿದ 30 ಎಂದು ಬರೆದಿದ್ದರೆ, ಕೊನೆಯ ಕಂತು 3,60,000 ರೂಪಾಯಿ. ಆದರೆ ಯಂತ್ರ ಕೊಟ್ಟವರು ಅಲ್ಲಿಯವರೆಗೆ ಕಾಯುವುದಿಲ್ಲ. ಆ ಹಣವನ್ನು ಯಾರೋ ಕೈಯಿಂದ ಹಾಕಬೇಕು. ಆರು ತಿಂಗಳು ತಡವಾದರೆ ಶೇಕಡಾ 12ರ ಬಡ್ಡಿಯಲ್ಲಿ 21,600 ರೂಪಾಯಿ ಸಂಘದ ಮೇಲೆ ಬಿದ್ದಂತೆ. ಈ ಬಡ್ಡಿ ಯಾವ ಯೋಜನಾ ವರದಿಯಲ್ಲೂ ಕಾಣುವುದಿಲ್ಲ.

ಮಾತುಕತೆಯಲ್ಲಿ ಇದಕ್ಕೆ ದಾರಿ ಇದೆ. ಯಂತ್ರದ ಹಣವನ್ನು ಅನುಷ್ಠಾನ ಸಂಸ್ಥೆಯೇ ಮಾರಾಟಗಾರರಿಗೆ ನೇರವಾಗಿ ಕೊಡಲಿ, ಸಂಘ ತನ್ನ ಪಾಲಿನ ಕೆಲಸಕ್ಕೆ ಮಾತ್ರ ಜವಾಬ್ದಾರಿ ಎಂದು ಬರೆಸಬಹುದು. ಇಲ್ಲವೇ ಕೊನೆಯ ಕಂತು ಶೇಕಡಾ 10ಕ್ಕಿಂತ ಹೆಚ್ಚಿರಬಾರದು ಎನ್ನಬಹುದು. ಬಟವಾಡೆಯ ಹಣವನ್ನು ಯೋಜನೆಗೆ ಕೈಗಡ ಹಾಕುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ.

ಇನ್ನೊಂದು ಲೆಕ್ಕ ಪಾಲಿನದು. ಹೆಚ್ಚಿನ ಯೋಜನೆಗಳಲ್ಲಿ ಸ್ಥಳೀಯರ ಪಾಲು ಇಷ್ಟು ಎಂದಿರುತ್ತದೆ. ಮಹಿಳಾ ಸಂಘಗಳನ್ನು ಕಟ್ಟಲು ಕರ್ನಾಟಕ ಹಾಲು ಮಹಾಮಂಡಳಿ ಬಳಸಿಕೊಂಡ ಸ್ಟೆಪ್ ಯೋಜನೆ ನಿಮಗೆ ನೆನಪಿರಬಹುದು. ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ ಆ ಯೋಜನೆಯಲ್ಲಿ ಖರ್ಚಿನ ಶೇಕಡಾ 90ರವರೆಗೆ ಸರ್ಕಾರದ್ದು, ಉಳಿದ 10 ಅನುಷ್ಠಾನ ಸಂಸ್ಥೆಯದು. ಈಗಿನ ಖಾಸಗಿ ಅನುದಾನಗಳಲ್ಲಿ ಈ ಪಾಲನ್ನು ಸಂಘದ ಮೇಲೆ ಹಾಕುವುದೇ ಹೆಚ್ಚು, ಅದೂ ನಗದಿನಲ್ಲಿ. ಅದೇ ಬಜೆಟ್ಟಿನ ಹಾಳೆ ತಿರುವಿ ನೋಡಿದರೆ ಕಾಲೇಜಿನ ಪ್ರಾಧ್ಯಾಪಕರ ಸಮಯಕ್ಕೆ ಇಷ್ಟು, ಟ್ರಸ್ಟಿನ ಕಚೇರಿ ಬಾಡಿಗೆಗೆ ಇಷ್ಟು ಎಂದು ಬರೆದಿರುತ್ತದೆ. ನಿಮ್ಮ ಕಾರ್ಯದರ್ಶಿ ಬೆಳಿಗ್ಗೆ-ಸಂಜೆ ಯೋಜನೆಯ ಕೆಲಸಕ್ಕೆ ಕೊಡುವ ಒಂದು ತಾಸಿಗೆ, ಸಂಘದ ಜಾಗಕ್ಕೆ, ಶೆಡ್ಡಿಗೆ, ನೀರಿಗೆ ಸೊನ್ನೆ. ಇದನ್ನು ಜಗಳವಾಡದೆ ಸರಿಪಡಿಸಬಹುದು. ಜಾಗದ ಬಾಡಿಗೆ, ಸಿಬ್ಬಂದಿಯ ಸಮಯ, ಕರೆಂಟ್ ಠೇವಣಿ ಎಲ್ಲಕ್ಕೂ ಬೆಲೆ ಕಟ್ಟಿ ಒಂದು ಹಾಳೆ ತಯಾರಿಸಿಕೊಂಡು ಹೋಗಿ, ಇದೇ ನಮ್ಮ ಪಾಲು ಎಂದು ಮುಂದಿಡಿ. ಹಲವು ಸಲ ಒಪ್ಪುತ್ತಾರೆ, ಯಾಕೆಂದರೆ ಪಾಲು ವಸ್ತು ರೂಪದಲ್ಲಿ ಇರಬಹುದು ಎಂದು ಅವರ ಮೂಲ ಒಡಂಬಡಿಕೆಯಲ್ಲೇ ಇರುತ್ತದೆ. ಯಾರೂ ಕೇಳಿರುವುದಿಲ್ಲ, ಅಷ್ಟೇ.

ಪಡೆಯುವವರೂ ಷರತ್ತು ಹಾಕಬಹುದು

ದಾನದ ಹಲ್ಲು ಎಣಿಸಬಾರದು ಎಂಬ ಮಾತು ನಮ್ಮಲ್ಲಿದೆ. ಆದರೆ ನಾವು ಇವತ್ತು ಹಾಲು ಹಾಕುತ್ತಿರುವ ಈ ವ್ಯವಸ್ಥೆ ನಿಂತಿರುವುದೇ ದಾನದ ಹಲ್ಲು ಎಣಿಸಿದ್ದರಿಂದ.

1970ರಲ್ಲಿ ಕ್ಷೀರ ಕ್ರಾಂತಿಯ ಮೊದಲ ಹಂತ ಆರಂಭವಾದಾಗ ಯುರೋಪಿನಲ್ಲಿ ಹಾಲಿನ ಪುಡಿ, ಬೆಣ್ಣೆಯ ಎಣ್ಣೆ ಗುಡ್ಡೆ ಬಿದ್ದಿದ್ದವು. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಕೆನೆರಹಿತ ಹಾಲಿನ ಪುಡಿ, 42,000 ಟನ್ ಬೆಣ್ಣೆಯ ಎಣ್ಣೆ ನಮ್ಮ ದೇಶಕ್ಕೆ ದಾನವಾಗಿ ಬರುವ ಒಪ್ಪಂದವಾಯಿತು. ಅದನ್ನು ಹಾಗೆಯೇ ಪುಕ್ಕಟೆ ಹಂಚಿದ್ದರೆ ಏನಾಗುತ್ತಿತ್ತು? ಪಟ್ಟಣದಲ್ಲಿ ಹಾಲಿನ ದರ ಬಿದ್ದು, ಹಳ್ಳಿಯಲ್ಲಿ ಎಮ್ಮೆ ಕಟ್ಟಿದವರು ಎಮ್ಮೆ ಮಾರುತ್ತಿದ್ದರು. ಡಾ. ವರ್ಗೀಸ್ ಕುರಿಯನ್ ಮತ್ತು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಈ ಅಪಾಯವನ್ನು ಮೊದಲೇ ಕಂಡಿದ್ದರು. ದಾನದ ಪುಡಿಯನ್ನು ಹಂಚದೆ ಡೇರಿಗಳಿಗೆ ಮಾರುವುದು, ಅದರ ಬೆಲೆ ನಮ್ಮ ರೈತರ ಹಾಲಿನ ದರವನ್ನು ಕೆಡಿಸದಂತೆ ಇರುವುದು, ಮಾರಿ ಬಂದ ಹಣವನ್ನು ಸಹಕಾರಿ ಡೇರಿಗಳನ್ನು ಕಟ್ಟಲು ಹಾಕುವುದು ಎಂಬ ಏರ್ಪಾಡು ಮಾಡಿಕೊಂಡರು. ಆ ಲೆಕ್ಕ ನೋಡಿಕೊಳ್ಳಲೆಂದೇ ಅದೇ ವರ್ಷ ಭಾರತೀಯ ಡೇರಿ ನಿಗಮ ಹುಟ್ಟಿತು. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನ ಡೇರಿ ಯೋಜನೆ ಬಂದು, ಅದನ್ನು ನಡೆಸಲು ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಆಯಿತು. ನೆರವಿನ ಯೋಜನೆ ಮುಗಿದರೂ ವ್ಯವಸ್ಥೆ ಮುಗಿಯಲಿಲ್ಲ, 1984ರಲ್ಲಿ ಅದೇ ರೈತರ ಮಹಾಮಂಡಳಿಯಾಗಿ ಮುಂದುವರಿಯಿತು.

ನಿಮ್ಮ ಊರಿನ ಯೋಜನೆ ಅಷ್ಟು ದೊಡ್ಡದಲ್ಲ ನಿಜ. ಪ್ರಶ್ನೆ ಮಾತ್ರ ಅದೇ. ಎರಡು ವರ್ಷ ಪುಕ್ಕಟೆ ರಸಮೇವು ಕೊಡುತ್ತೇವೆ ಎಂದರೆ ಸದಸ್ಯರು ನೇಪಿಯರ್ ಹುಲ್ಲು ಬೆಳೆಯುವುದನ್ನು ಬಿಡುತ್ತಾರೆ. ಮೂರನೇ ವರ್ಷ ಎರಡೂ ಇರುವುದಿಲ್ಲ. ಪುಕ್ಕಟೆ ಬೇಡ, ಅರ್ಧ ದರಕ್ಕೆ ಮಾರಿ, ಬಂದ ಹಣವನ್ನು ಘಟಕದ ದುರಸ್ತಿ ನಿಧಿಗೆ ಹಾಕೋಣ ಎಂದು ಸಂಘವೇ ಹೇಳಬಹುದು.

ನಮ್ಮ ಧಾರವಾಡ, ಹಾವೇರಿ ಜಿಲ್ಲೆಗಳಲ್ಲೇ 2001ರಿಂದ 2009ರವರೆಗೆ ವಿಶ್ವ ಬ್ಯಾಂಕಿನ ನೆರವಿನಲ್ಲಿ ಸುಜಲ ಜಲಾನಯನ ಯೋಜನೆ ನಡೆಯಿತು. ಬದು, ಕೃಷಿಹೊಂಡ ನೋಡಿದವರು ಇನ್ನೂ ಇದ್ದಾರೆ. ಅಲ್ಲಿ ಇಲಾಖೆ ಒಂದು ಕಡೆ, ಜನರನ್ನು ಸಂಘಟಿಸುವ ಸ್ವಯಂಸೇವಾ ಸಂಸ್ಥೆ ಒಂದು ಕಡೆ, ಊರಿನ ಜಲಾನಯನ ಸಂಘ ಇನ್ನೊಂದು ಕಡೆ ಇದ್ದವು. ಕೆಲಸ ಆಯಿತೋ ಇಲ್ಲವೋ ಎಂದು ಅಳೆಯಲು ಇಸ್ರೋದ ಅಂಗವಾದ ಆಂಟ್ರಿಕ್ಸ್ ಸಂಸ್ಥೆ ಬೇರೆಯಾಗಿತ್ತು. ಮಾಡುವವರೇ ಅಳೆಯಬಾರದು ಎಂಬುದು ಅದರಲ್ಲಿ ನಾವು ಕಲಿಯಬೇಕಾದ ವಿಷಯ. ನಿಮ್ಮ ಒಡಂಬಡಿಕೆಯಲ್ಲಿ "ಯೋಜನೆಯ ಯಶಸ್ಸನ್ನು ಅನುಷ್ಠಾನ ಸಂಸ್ಥೆ ನಿರ್ಧರಿಸುತ್ತದೆ" ಎಂದಿದ್ದರೆ, ಸಂಘದ ಪ್ರತಿನಿಧಿಯೂ ಸೇರಿದ ಸಮಿತಿ ಎಂದು ತಿದ್ದಿಸಿ.

ವಿದ್ಯಾನಗರದ ಮೂರು ಬೈಠಕ್

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಾಲೇಜುಗಳು, ಸಭಾಂಗಣಗಳು ಹೆಚ್ಚು. ಧಾರವಾಡದಿಂದ ಬರುವವರಿಗೆ ಚಿಗರಿ ಬಸ್ಸೂ ಇದೆ. ಹೀಗಾಗಿ ಇಂಥ ಮಾತುಕತೆಗಳು ಅಲ್ಲಿಯೇ ನಡೆಯುವುದು ರೂಢಿಯಾಗಿದೆ. ಕಳೆದ ವರ್ಷ ಇನ್ನೊಂದು ಸಂಘದವರ ಜೊತೆ ನಾನು ಮೂರು ಸಲ ಅಲ್ಲಿಗೆ ಹೋದೆ. ಯೋಜನೆ ಸೌರಶಕ್ತಿಯ ನೆರವಿರುವ ಬಲ್ಕ್ ಮಿಲ್ಕ್ ಕೂಲರಿನದು. ಬಿಸಿಲು ಇಲ್ಲದಾಗ ಕರೆಂಟು, ಕರೆಂಟು ಹೋದಾಗ ಬ್ಯಾಟರಿ. ಸಂಘದ ಅಧ್ಯಕ್ಷೆಗೆ ಅರವತ್ತರ ಹತ್ತಿರ ವಯಸ್ಸು, ನಾಲ್ಕನೇ ಇಯತ್ತೆ ಓದಿದವರು, ಮನೆಯಲ್ಲಿ ಐದು ಎಮ್ಮೆ.

ಮೊದಲ ದಿನ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಎಲ್ಲ ಮುಗಿದು ಚಹಾ ಬಂದ ಮೇಲೆ ಅವರು ಒಂದೇ ಮಾತು ಕೇಳಿದರು: "ಸರ್ರ, ಮೂರು ವರ್ಷದ ಮ್ಯಾಲೆ ನೀವು ಹೋಗ್ತೀರಿ. ಆಮ್ಯಾಲೆ ಬ್ಯಾಟರಿ ಸತ್ತರ ಯಾರು ಹಾಕಸೋರ್ರಿ? ಕರೆಂಟ್ ಬಿಲ್ ಯಾರು ಕಟ್ಟೋರ್ರಿ?" ಆ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಹತ್ತಿರ ಉತ್ತರ ಇರಲಿಲ್ಲ. ಕೆಟ್ಟ ಮನಸ್ಸೇನೂ ಅಲ್ಲ, ಅವರ ಬಜೆಟ್ ಮೂರು ವರ್ಷಕ್ಕೆ ಮುಗಿಯುತ್ತದೆ, ಆದ್ದರಿಂದ ಅವರ ಯೋಚನೆಯೂ ಅಲ್ಲಿಗೇ ಮುಗಿದಿತ್ತು. ಅಧ್ಯಕ್ಷೆ ಕನ್ನಡದ ಪ್ರತಿ ಮತ್ತು ಹದಿನೈದು ದಿನ ಕೇಳಿ ಎದ್ದರು.

ಆ ಹದಿನೈದು ದಿನ ಆಡಳಿತ ಮಂಡಳಿಯವರು ಎರಡು ಸಲ ಕುಳಿತು ಓದಿದರು. ಬೇಕಾದದ್ದನ್ನು ಎರಡು ಪಟ್ಟಿ ಮಾಡಿದರು: ಸಿಗದಿದ್ದರೆ ಯೋಜನೆಯೇ ಬೇಡ ಎನ್ನುವುದು ಒಂದು, ಸಿಕ್ಕರೆ ಒಳ್ಳೆಯದು ಎನ್ನುವುದು ಇನ್ನೊಂದು. ಮೊದಲ ಪಟ್ಟಿಯಲ್ಲಿ ಎರಡೇ ಇದ್ದವು, ಯಂತ್ರ ಸಂಘದ ಹೆಸರಿಗೆ ಆಗಬೇಕು ಮತ್ತು ದುರಸ್ತಿ ನಿಧಿ ಬೇಕು. ಈ ಪಟ್ಟಿ ಚಿಕ್ಕದಾಗಿದ್ದಷ್ಟೂ ಮಾತಿಗೆ ಬಲ ಬರುತ್ತದೆ. ಎಲ್ಲವೂ ಬೇಕೇಬೇಕು ಎಂದು ಹೋದ ಸಂಘಗಳು ಕೊನೆಗೆ ಎಲ್ಲವನ್ನೂ ಬಿಟ್ಟುಕೊಟ್ಟು ಬಂದದ್ದನ್ನೂ ನೋಡಿದ್ದೇನೆ.

ಎರಡನೇ ಬೈಠಕ್ಕಿನಲ್ಲಿ ನಿಜವಾದ ಚೌಕಾಸಿ ನಡೆಯಿತು. ಕಂಪನಿಗೆ ತನ್ನ ಹೆಸರಿನ ದೊಡ್ಡ ಫಲಕ ಬೇಕಿತ್ತು, ಉದ್ಘಾಟನೆ ದೊಡ್ಡದಾಗಿ ಆಗಬೇಕಿತ್ತು, ವರ್ಷಕ್ಕೆ ಎರಡು ಸಲ ಅತಿಥಿಗಳನ್ನು ಕರೆತಂದು ತೋರಿಸಬೇಕಿತ್ತು. ನಮ್ಮವರು ಮೊದಲು ಇದಕ್ಕೆ ಮೂಗು ಮುರಿದಿದ್ದರು. ಅಧ್ಯಕ್ಷೆ ಮಾತ್ರ, "ಬೋರ್ಡ ನಿಮಗ ಬೇಕಾದಷ್ಟು ದೊಡ್ಡದು ಹಚ್ಚರಿ. ಊರ ಅಗಸಿಗೂ ಹಚ್ಚರಿ. ಆದರ ನಮ್ಮ ನಿಧಿಗೆ ಪಾಲು ಹಾಕ್ರಿ" ಎಂದರು. ತಮಗೆ ಏನೂ ಖರ್ಚಿಲ್ಲದ್ದನ್ನು ಕೊಟ್ಟು, ಬೇಕಾದದ್ದನ್ನು ಕೇಳಿದರು. ನಲವತ್ತು ವರ್ಷ ಎಮ್ಮೆ ವ್ಯಾಪಾರ ಮಾಡಿದವರಿಗೆ ಇದು ಸಹಜವಾಗಿ ಬಂತು.

ನಿಧಿಯ ಲೆಕ್ಕ ಹೀಗಾಯಿತು. ಸಂಘದಲ್ಲಿ ದಿನಕ್ಕೆ ಸರಾಸರಿ 600 ಲೀಟರ್ ಹಾಲು. ಲೀಟರಿಗೆ 10 ಪೈಸೆ ಬೇರೆ ಖಾತೆಗೆ ಹಾಕಿದರೆ ವರ್ಷಕ್ಕೆ 21,900 ರೂಪಾಯಿ, ಮೂರು ವರ್ಷಕ್ಕೆ 65,700. ಯೋಜನೆ ಇರುವವರೆಗೆ ಅಷ್ಟೇ ಮೊತ್ತವನ್ನು ಪಾಲುದಾರ ಸಂಸ್ಥೆಯೂ ಹಾಕಬೇಕು. ಅವರು ಹೋಗುವ ದಿನ ನಿಧಿಯಲ್ಲಿ 1,31,400 ಇರುತ್ತದೆ, ಬ್ಯಾಟರಿ ಮಾತು ಬಂದರೆ ಕೈ ಚಾಚಬೇಕಿಲ್ಲ. ಕರೆಂಟ್ ಬಿಲ್ ಸಂಘವೇ ಕಟ್ಟುತ್ತದೆ ಎಂದು ಒಪ್ಪಿಕೊಂಡೆವು. ಅದು ನ್ಯಾಯವೇ, ಹಾಲು ನಮ್ಮದು. ಯಂತ್ರದ ವಿಷಯದಲ್ಲಿ ಅವರು ಸ್ವಲ್ಪ ಹಟ ಹಿಡಿದರು. ಮೊದಲ ವರ್ಷ ತಮ್ಮ ಹೆಸರಿನಲ್ಲಿದ್ದು, ಚಾಲನೆ ಸರಿಯಾಗಿ ಆದದ್ದು ಖಚಿತವಾದ ಮೇಲೆ ಸಂಘಕ್ಕೆ ಹಸ್ತಾಂತರ ಎಂದರು. ದಿನಾಂಕ ಹಾಕಿದರೆ ಒಪ್ಪುತ್ತೇವೆ ಎಂದೆವು. ದಿನಾಂಕ ಹಾಕಿದರು. "ಸೂಕ್ತ ಸಮಯದಲ್ಲಿ" ಎಂದು ಬರೆದ ಹಸ್ತಾಂತರ ನಡೆದದ್ದನ್ನು ನಾನಂತೂ ನೋಡಿಲ್ಲ.

ಇನ್ನು ಕೆಲವು ಸಣ್ಣ ತಿದ್ದುಪಡಿಗಳೂ ಆದವು. ವ್ಯಾಜ್ಯವಾದರೆ ಮುಂಬಯಿಯ ನ್ಯಾಯಾಲಯ ಎಂದಿತ್ತು, ಧಾರವಾಡ ಎಂದಾಯಿತು. ಸದಸ್ಯರ ಆಧಾರ್, ಫೋನ್ ಸಂಖ್ಯೆ, ಹಾಲಿನ ಲೆಕ್ಕ ಎಲ್ಲವನ್ನೂ ಅವರು ಬಳಸಬಹುದು ಎಂದಿತ್ತು. ಹೆಸರಿಲ್ಲದ ಒಟ್ಟು ಲೆಕ್ಕ ಮಾತ್ರ ಎಂದು ತಿದ್ದಿಸಿದೆವು. ಯಾವ ಕಡೆಯವರಾದರೂ 30 ದಿನದ ನೋಟಿಸ್ ಕೊಟ್ಟು ಹೊರಹೋಗಬಹುದು ಎಂಬ ಕಲಮಿಗೆ "ಸಂಘ ಆಗಲೇ ಹಾಕಿದ ಖರ್ಚನ್ನು ತುಂಬಿಕೊಟ್ಟು" ಎಂದು ಸೇರಿಸಿ ಎಂದರೆ ಅವರು ಒಪ್ಪಲಿಲ್ಲ. 90 ದಿನಕ್ಕೆ ಮಾತ್ರ ಒಪ್ಪಿದರು. ಎಲ್ಲ ಗೆಲ್ಲಲಿಲ್ಲ ನಾವು. ಆ ಕಲಮು ಇನ್ನೂ ನನಗೆ ಸಮಾಧಾನ ತಂದಿಲ್ಲ.

ಮೂರನೇ ಸಲ ಹೋದಾಗ ಸಹಿಯಾಯಿತು. ಅದಕ್ಕೂ ಮೊದಲು ಆಡಳಿತ ಮಂಡಳಿಯ ಸಭೆಯಲ್ಲಿ ಪೂರ್ತಿ ಒಡಂಬಡಿಕೆಯನ್ನು ಕನ್ನಡದಲ್ಲಿ ಓದಿ, ಠರಾವು ಮಾಡಿ, ಯಾರು ಸಹಿ ಮಾಡಬೇಕೆಂದು ನಡವಳಿ ಪುಸ್ತಕದಲ್ಲಿ ಬರೆದಿದ್ದರು. ಠರಾವಿಲ್ಲದ ಸಹಿ ನಾಳೆ ಲೆಕ್ಕಪರಿಶೋಧನೆಯಲ್ಲಿ ಅಧ್ಯಕ್ಷರ ಸ್ವಂತ ತಲೆಗೆ ಬರುತ್ತದೆ. ಬರುವಾಗ ಬಸ್ಸಿನಲ್ಲಿ ಅಧ್ಯಕ್ಷೆಯನ್ನು ಕೇಳಿದೆ, ಅವರು ಸಿಟ್ಟಾಗಿ ಎದ್ದು ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು. "ಏನೂ ಇಲ್ಲರಿ. ನಿನ್ನೆ ಹಾಲು ಹೆಂಗ ಹಾಕಿದ್ವೋ ನಾಳೆನೂ ಹಂಗ ಹಾಕತಿದ್ವಿ" ಎಂದರು.

ಒಡಂಬಡಿಕೆಯ ಕರಡು ನಿಮ್ಮ ಸಂಘಕ್ಕೆ ಬಂದ ಕೂಡಲೇ ಒಂದು ಪ್ರತಿಯನ್ನು ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಗೆ ಕೊಡಿ. ಓದಿ ಹೇಳಲು ನಮಗೆ ಕನಿಷ್ಠ ಒಂದು ವಾರ ಬೇಕು. ಸಹಿಯ ಹಿಂದಿನ ದಿನ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಹದಿನಾಲ್ಕು ಪುಟದ ಫೋಟೋ ಕಳಿಸಬೇಡಿ.